ಎರಡನೆಯ ಲೇಖಕರ ಸಹಿ

ಸ್ವರ್ಗಸ್ಥ ಸಹಲೇಖಕ ಜಗನ್ ಮಹಾಶಯರ ಸನ್ನಿಧಾನಕ್ಕೆ,

ನಮ್ಮ ರೇಷ್ಮೆಹುಳು ರೋಗದ ಪ್ರಬಂಧ ದೊಡ್ಡ ಜರ್ನಲ್ಲೊಂದರಲ್ಲಿ ಹದಿನಾಲ್ಕು ತಿಂಗಳು ತಪಸ್ಸು ಮಾಡಿ ಹೋದ ವಾರ ಶಿಡ್ಲಘಟ್ಟಕ್ಕೆ ವಾಪಸ್ ಬಂತು. ತಿರಸ್ಕೃತ.

"ಬೇಗ ಅಚ್ಚಾಗೋ ಜರ್ನಲ್‌ಗೆ ಕಳ್ಸೋ, ನಾನು ನೋಡ್ಬೇಕು" ಎಂದು ನೀನು ಆಸ್ಪತ್ರೆಯಲ್ಲಿ ಹೇಳಿದ್ದೆಯಲ್ಲ, ಅಂಥದೊಂದಕ್ಕೆ ಮೊದಲು ಪರೀಕ್ಷಾರ್ಥ ನಮ್ಮಜ್ಜಿಯ ಉಪ್ಪಿನಕಾಯಿ ವಿಧಾನ ಕಳಿಸಿದೆ. ಮೂರೇ ದಿನಕ್ಕೆ "ಅಮೋಘ ಸಂಶೋಧನೆ" ಎಂದು ಒಪ್ಪಿಕೊಂಡರು. ಗೈಡ್ ಚೈತ್ರ ಮೇಡಂ ನಗಲಿಲ್ಲ.

"ಸಾಕು ಕಣಪ್ಪ, ಓದಿ ಬೈಯೋರಿಗೇ ಕಳ್ಸು."

ಅಂಥ ಜರ್ನಲ್ಲನ್ನೇ ಆರಿಸಿದೆ. ಅವರ ಫಾರಂಗೆ ಇಬ್ಬರ ಸಹಿಯೂ ಬೇಕು. ಎರಡು ವರ್ಷ ಹಾಜರಿ ಪುಸ್ತಕದಲ್ಲಿ ನಿನ್ನ ಸಹಿ ಹಾಕಿದ ಕೈ ಇದು, ನಿನ್ನಮ್ಮನೂ ನಿನ್ನದೇ ಎಂದು ನಂಬುತ್ತಿದ್ದರು. ಆದರೆ ಕೆಳಗೆ, ಲೇಖಕರು ಬದುಕಿಲ್ಲದಿದ್ದರೆ ಗುರುತು ಹಾಕಲು ಪುಟ್ಟ ಚೌಕವೊಂದಿತ್ತು.

ಆ ಒಂದು ಗುರುತಿಗೆ ಮಧ್ಯಾಹ್ನ ಪೂರ್ತಿ ಹಿಡಿಯಿತು ಕಣೋ.