ಕಣ್ಣು ಬೀಳದ ಇಂಜೆರಾ

ಅಮ್ಮಾ,

ಇವತ್ತು ಮಧ್ಯಾಹ್ನ ಮೈಮೇಲೆ ತೂತಿನ ಕಣ್ಣು ಸರಿಯಾಗಿ ಬೀಳದ ಇಂಜೆರಾ ರೊಟ್ಟಿಯನ್ನು ಮೆಕ್ಲಿತ್ ಎಸೆಯದೆ ನೆಂಟರಿಗೆ ಬಡಿಸಿದಳು. ನಾನು ಅಂಗಡಿಯಲ್ಲಿದ್ದೆ. ಸುದ್ದಿ ತಂದವರು ಪಕ್ಕದ ಮನೆಯ ಅಸೆಲೆಫೆಚ್ ಅಕ್ಕ.

ನೀನು ತೀರಿಕೊಂಡ ಮೇಲೆ ಅಡುಗೆ ನಿನ್ನ ಮೊಮ್ಮಗಳು ಮೆಕ್ಲಿತ್‌ಳ ಕೈಗೆ ಬಂತು. ಇಂಜೆರಾಗೆಂದು ಟೆಫ್ ಧಾನ್ಯದ ಹಿಟ್ಟು ಹುಳಿ ಬರಲು ಇಟ್ಟ ದಿನದಿಂದಲೇ ಅವಳಿಗೆ ನಿದ್ದೆ ಇರುತ್ತಿರಲಿಲ್ಲ. ಹೆಂಚಿನ ಮೇಲೆ ಒಂದು ಅಂಚಿನಲ್ಲಿ ತೂತು ಮೂಡದಿದ್ದರೂ ಇಡೀ ಇಂಜೆರಾ ಕೋಳಿಗಳ ಪಾಲು. ಎದೆ ಹೊಡೆದುಕೊಳ್ಳುತ್ತದೆ ಎಂದಾಗ ಆಸ್ಪತ್ರೆಗೆ ಕರೆದೊಯ್ದೆ. ಎಲ್ಲವೂ ತಪ್ಪಿಲ್ಲದಂತಿರಬೇಕು ಎಂಬ ಹಟವೇ ಅವಳನ್ನು ಕಾಯಿಲೆಗೆ ತಳ್ಳಿದೆ ಎಂದರು ಡಾಕ್ಟರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ನೆಂಟರು ಉಣ್ಣುವಾಗ ನೀನು ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆಯಲ್ಲ, ಅದನ್ನೂ ಹೇಳಿದೆ.

ಇವತ್ತು ತಟ್ಟೆ ನೋಡಿದ ನಿನ್ನ ತಂಗಿ ತಿರುನೆಶ್ ಸುಮ್ಮನಿರಲಿಲ್ಲವಂತೆ.

"ಏನೇ ಹುಡುಗಿ, ಇದು ಇಂಜೆರಾನೋ ಕುರಿ ಚರ್ಮಾನೋ?"

"ಚರ್ಮಾನೇ ಚಿಕ್ಕಜ್ಜಿ. ಹಲ್ಲಿದ್ರೆ ತಿನ್ನಿ."

ಎಲ್ಲರೂ ನಕ್ಕರಂತೆ. ಚಿಕ್ಕಮ್ಮ ಅದನ್ನೇ ಮುರಿದು, ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ಮೆಕ್ಲಿತ್ ಬಾಯಿಗೇ ಇಟ್ಟರು. ಅವಳು ಅಲ್ಲೇ ಕೂತು, ಅದೇ ತಟ್ಟೆಯಲ್ಲಿ ಹೊಟ್ಟೆ ತುಂಬ ಉಂಡಳು.

ನಿನ್ನ ಬಾಯಿಗೆ ಯಾರಾದರೂ ಹಾಗೆ ತುತ್ತು ಇಟ್ಟಿದ್ದರೇ ಎಂದು ಸಂಜೆ ಚಿಕ್ಕಮ್ಮನನ್ನು ಕೇಳಿದೆ. ಅವರಿಗೂ ನೆನಪಿಲ್ಲ.

ಮೆಕ್ಲಿತ್ ಮಲಗಿದ್ದಾಳೆ. ಗುರುವಾರ ಮತ್ತೆ ಡಾಕ್ಟರ ಬಳಿ ಹೋಗುತ್ತೇವೆ. ಶುಕ್ರವಾರ ಹಿಟ್ಟು ಕಲಸುವುದು ಅವಳೇ.