ಅಕ್ಕನ ಪಾಲಿನ ಪಾಯಸ

ಕಾಪು
16 ಫೆಬ್ರವರಿ 2025

ಪ್ರೀತಿಯ, ಪ್ರೀತಿಯ, ಮೂರನೆಯ ಸಲವೂ ಪ್ರೀತಿಯ ಹರ್ಷಿತ್,

ಹೇಗಿದ್ದೀರಿ? ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಆ ಖುಬೂಸ್ ರೊಟ್ಟಿ ಕಚ್ಚಿಕೊಂಡೇ ಡ್ಯೂಟಿಗೆ ಓಡುತ್ತೀರೋ? ಇಲ್ಲಿ ಎಲ್ಲರೂ ಆರಾಮ. ದಿನಕ್ಕೆ ಮೂರು ಸಲ ವಿಡಿಯೊ ಕಾಲ್ ಮಾಡುವವಳು ಪತ್ರ ಬರೆದದ್ದು ಯಾಕೆ ಎಂದು ನಗಬೇಡಿ. ಫೋನು ಹಿಡಿದರೆ ಮನೆಯವರೆಲ್ಲ ಸುತ್ತ ಬಂದು ಕೂರುತ್ತಾರೆ, ಈ ವಿಷಯವನ್ನು ಮೊದಲಿನಿಂದ ಹೇಳದಿದ್ದರೆ ಅರ್ಥವಾಗುವುದಿಲ್ಲ. ಪಕ್ಕದ ಮನೆಯ ಬ್ರಯಾನ್ ಇವತ್ತು ಸಂಜೆ ಮಸ್ಕತ್‌ಗೆ ಹೊರಡುತ್ತಾನೆ. ಹುರುಳಿ ಮತ್ತು ಒಣಸಿಗಡಿಯ ಕಟ್ಟುಗಳ ನಡುವೆ ಇದನ್ನು ಇಡುತ್ತೇನೆ. ಇಂಗ್ಲಿಷ್ ಮೀಡಿಯಂನವಳ ಕನ್ನಡ, ತಪ್ಪುಗಳನ್ನೆಲ್ಲ ಪ್ರೀತಿ ಎಂದೇ ಓದಿಕೊಳ್ಳಿ.

ನೀವು ಹೋದ ಮೇಲೂ ನಮ್ಮ ಸಮ್ಮಾನದ ಊಟಗಳು ನಿಂತಿಲ್ಲ. ಮದುಮಗ ಗಲ್ಫಿಗೆ ಹೋದರೆ ಎಂತಾಯಿತು, ಮದುಮಗಳಾದರೂ ಬರಲಿ ಎಂದು ನಿಮ್ಮ ನೆಂಟರು ಕರೆಯುತ್ತಲೇ ಇದ್ದಾರೆ. ನಾನೊಬ್ಬಳೇ ಹೋಗುವುದು ಚೆಂದವಲ್ಲ ಎಂದು ಅತ್ತೆ ನಿಮ್ಮ ಅಕ್ಕನನ್ನು ಜೊತೆ ಮಾಡಿದರು. ಮೋಕ್ಷಕ್ಕ ಆದಿ ಉಡುಪಿಯಿಂದ ಸ್ಕೂಟರಿನಲ್ಲಿ ಬಂದು, ಮಗಳು ಚೈತಾಲಿಯನ್ನು ಅತ್ತೆಯ ಮಡಿಲಿಗೆ ಹಾಕಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತಾರೆ. ಒಂಟಿ ಮಗಳಾಗಿ ಬೆಳೆದ ನನಗೆ ಆ ಸ್ಕೂಟರಿನ ಹಿಂದಿನ ಸೀಟಿನಲ್ಲೇ ಒಬ್ಬ ಅಕ್ಕ ಸಿಕ್ಕಿದರು. ಅದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳಲಿ? ನಿಮಗೇ ಹೇಳುತ್ತೇನೆ.

ಹಿರಿಯಡ್ಕದ ಪ್ರಫುಲ್ಲಾ ಚಿಕ್ಕಮ್ಮನ ಮನೆಗೆ ಹೋಗುವ ದಿನ ಅಕ್ಕ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ತಮ್ಮ ಗುಟ್ಟು ಹೇಳಿದರು. ಚೈತಾಲಿ ಹೊಟ್ಟೆಯಲ್ಲಿದ್ದಾಗ ಅವರಿಗೆ ಸಕ್ಕರೆ ಏರಿತ್ತಲ್ಲ, ಹೆರಿಗೆಯ ಮೇಲೆ ಇಳಿಯಿತು ಎಂದು ಮನೆಯವರೆಲ್ಲ ಅದನ್ನು ಮರೆತೇಬಿಟ್ಟರು. ಆದರೆ ಒಮ್ಮೆ ಹಾಗಾದವರಿಗೆ ಮುಂದೆ ನಿಜವಾದ ಡಯಾಬಿಟಿಸ್ ಬರುವ ಸಾಧ್ಯತೆ ಹೆಚ್ಚು, ವರ್ಷ ವರ್ಷ ನೋಡಿಸಿಕೊಳ್ಳಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರಂತೆ. ಕಳೆದ ವರ್ಷದ ರಿಪೋರ್ಟು ಗಡಿಯ ಹತ್ತಿರ ಬಂದು ನಿಂತಿತ್ತು. ಅಂದಿನಿಂದ ಅಕ್ಕ ತಟ್ಟೆಯನ್ನೇ ಬದಲಿಸಿದ್ದಾರೆ. ಒಂದೇ ಸೌಟು ಕುಚ್ಚಲಕ್ಕಿ ಅನ್ನ, ಅದರ ಎರಡರಷ್ಟು ಅಲಸಂಡೆ ಪಲ್ಯವೋ ಹರಿವೆ ಸೊಪ್ಪೋ, ಹುರುಳಿ ಸಾರು, ಮೀನಾದರೆ ಹುರಿಯದೆ ಸಾರಿನಲ್ಲಿ, ಊಟದ ಮೇಲೆ ಅರ್ಧ ಗಂಟೆ ನಡಿಗೆ. ಕುಚ್ಚಲಕ್ಕಿ ಗಂಜಿ ಎಷ್ಟು ಉಂಡರೂ ಸಕ್ಕರೆಯ ಲೆಕ್ಕಕ್ಕಿಲ್ಲ ಎಂದು ನಾನೂ ಅತ್ತೆಯೂ ಇಷ್ಟು ದಿನ ನಂಬಿದ್ದೆವು, ಲೆಕ್ಕಕ್ಕೆ ಉಂಟಂತೆ! ಈ ವರ್ಷದ ಟೆಸ್ಟಿಗೆ ಹದಿನೈದೇ ದಿನ ಉಳಿದಿತ್ತು, ಅಷ್ಟರಲ್ಲಿ ಐದು ಸಮ್ಮಾನ. “ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಿದರೆ ನಾಳೆಯಿಂದ ನಾನು ಊರಿಗೆಲ್ಲ ರೋಗಿ. ನನಗೆ ಇನ್ನೊಂದು ಮಗು ಬೇಕು ಮಾರಾಯ್ತಿ, ಅದಕ್ಕೂ ಇವರೇ ತೀರ್ಪು ಕೊಡ್ತಾರೆ” ಎಂದಾಗ ಅವರ ಸ್ವರ ಸಣ್ಣದಾಗಿತ್ತು.

ನಾನು ಒಂದು ಮಹಾ ಉಪಾಯ ಹೂಡಿದೆ. ಚಿಕ್ಕಮ್ಮ ಆಚೆ ತಿರುಗಿದ ಕೂಡಲೇ ಅಕ್ಕನ ಪಾಯಸದ ಬಟ್ಟಲು ನನ್ನ ಕಡೆಗೆ, ನನ್ನ ಖಾಲಿ ಬಟ್ಟಲು ಅವರ ಕಡೆಗೆ. ಎರಡನೆಯದನ್ನು ಮುಗಿಸುವಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. “ಎಂತ, ವಿಶೇಷ ಉಂಟಾ?” ಬಾಯಿ ತುಂಬ ಪಾಯಸ, ನಕ್ಕುಬಿಟ್ಟೆ. ಆ ನಗು ನನಗಿಂತ ಮೊದಲೇ ಕಾಪುವಿಗೆ ತಲುಪಿತು! ಇನ್ನೂ ಮೂರು ಮನೆಗಳಲ್ಲಿ ಹೀಗೆಯೇ ಉಂಡೆ. ಕೊನೆಗೆ ಒಂದು ಬೆಳಿಗ್ಗೆ ಅತ್ತೆ ನನ್ನ ಮುಂದೆ ನೀರುದೋಸೆ, ಪಕ್ಕದಲ್ಲಿ ಗುಡ್ಡೆಯಷ್ಟು ಕಾಯಿಬೆಲ್ಲ ಇಟ್ಟು, “ಎಷ್ಟು ದಿನ ಆಯ್ತು ಮಗಾ?” ಎಂದು ತಲೆ ಸವರಿದರು. ಆ ಕೈಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅತ್ತೆ ಬೈಯಲಿಲ್ಲ. ಕರಟುತ್ತಿದ್ದ ದೋಸೆಯನ್ನು ಎತ್ತಿ ಹಾಕಿ ಒಲೆ ಆರಿಸಿದರು. ಆಮೇಲೆ ಹೇಳಿದರು, ನೀವು ಹೊಟ್ಟೆಯಲ್ಲಿದ್ದಾಗ ಅವರಿಗೂ ಸಕ್ಕರೆ ಇತ್ತಂತೆ. “ಮಗು ಬಂತು, ಸಕ್ಕರೆ ಹೋಯ್ತು ಅಂತ ಮತ್ತೆ ನೋಡಿಸಲೇ ಇಲ್ಲ. ಹರ್ಷಿತ್ ಆರನೇ ಕ್ಲಾಸಲ್ಲಿರುವಾಗ ಕಾಲಿನ ಗಾಯ ವಾಸಿಯಾಗದೆ ಹೋದಾಗಲೇ ಗೊತ್ತಾದದ್ದು. ನಾನು ಮೋಕ್ಷನಿಗೆ ಹೇಳಬೇಕಿತ್ತು.” ಅವರು ದಿನಾ ನುಂಗುವ ಮಾತ್ರೆಯ ಕಥೆ ನನಗೆ ಆಗಲೇ ತಿಳಿದದ್ದು.

ಐದನೆಯ ಸಮ್ಮಾನ ಕಾರ್ಕಳದ ಭುಜಂಗ ಮಾವನ ಮನೆಯಲ್ಲಿ. ಈ ಸಲ ಅತ್ತೆಯೂ ಹೊರಟರು. ಮಾವ ಪಾಯಸದ ಪಾತ್ರೆ ಹಿಡಿದು ಬಂದದ್ದೇ ತಡ, ಅತ್ತೆ ಅಕ್ಕನ ಬಟ್ಟಲಿನ ಮೇಲೆ ಕೈ ಅಡ್ಡ ಇಟ್ಟರು. “ಅವಳಿಗೆ ಬೇಡ ಅಣ್ಣ, ನನಗೂ ಬೇಡ.” “ಎಂತದು, ನಾನು ವಿಷ ಹಾಕಿದ್ದೇನಾ?” “ವಿಷ ಇಲ್ಲ, ಬೆಲ್ಲ ಉಂಟಲ್ಲ. ನನಗಾದದ್ದು ನನ್ನ ಮಗಳಿಗೆ ಆಗಬಾರದು. ಒತ್ತಾಯ ಮಾಡಲೇಬೇಕಾದರೆ ಅಲಸಂಡೆ ಪಲ್ಯ ಹಾಕು.” ಮಾವ ಪಾತ್ರೆ ಒಳಗಿಟ್ಟು ಬಂದು, ಪಲ್ಯವನ್ನೇ ಪಾಯಸದಷ್ಟು ಜುಲುಮೆಯಿಂದ ಬಡಿಸಿದರು! ಅಕ್ಕ ತಲೆ ಎತ್ತಲಿಲ್ಲ. ಮೇಜಿನ ಕೆಳಗೆ ಅತ್ತೆಯ ಸೆರಗಿನ ತುದಿ ಅವರ ಮುಷ್ಟಿಯಲ್ಲಿತ್ತು.

ನಿನ್ನೆ ಮೂವರೂ ಮಣಿಪಾಲಕ್ಕೆ ಹೋಗಿದ್ದೆವು. ಗ್ಲೂಕೋಸ್ ನೀರು ಕುಡಿದು ಎರಡು ಗಂಟೆ ಕಾದದ್ದು ಅಕ್ಕ, ಉಗುರು ಕಚ್ಚಿದ್ದು ನಾನು. ರಿಪೋರ್ಟು ನಾರ್ಮಲ್, ಹರ್ಷಿತ್! ಗಡಿಯಿಂದ ಎಷ್ಟೋ ಹಿಂದೆ. ಹೀಗೆಯೇ ಉಣ್ಣಿ, ನಡೆಯಿರಿ, ಮುಂದಿನ ವರ್ಷ ಮತ್ತೆ ಬನ್ನಿ, ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ತಿಳಿಸಿ ಎಂದರು ಡಾಕ್ಟರು. ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಶೇಂಗಾ ತಿಂದು ಪಾರ್ಟಿ ಮಾಡಿದೆವು. ಇಂಥ ಮನೆಗೆ ನನ್ನನ್ನು ಕರೆತಂದದ್ದಕ್ಕೆ ನಿಮಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದರೂ ನನಗೆ ಸಾಲದು.

ಅತ್ತೆಯ ಆಶೀರ್ವಾದ, ಅಕ್ಕನ ಒಂದು ಗುದ್ದು, ಚೈತಾಲಿಯ ಜೊಲ್ಲುಮುತ್ತು ಎಲ್ಲ ಈ ಕಾಗದದೊಳಗೇ ಉಂಟು.

ಸದಾ ನಿಮ್ಮವಳು,
ಅಕ್ಷಿತಾ

ಮರೆತಿದ್ದೆ (ಬ್ರಯಾನ್ ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ): ಪ್ರಫುಲ್ಲಾ ಚಿಕ್ಕಮ್ಮ ಫೋನ್ ಮಾಡಿ ಕಂಗ್ರಾಟ್ಸ್ ಹೇಳಿದರೆ ಹೆದರಬೇಡಿ, ಹೊಟ್ಟೆಯಲ್ಲಿರುವುದು ಪಾಯಸ. ಇನ್ನೊಂದು, ಮುಖ್ಯವಾದದ್ದು. ಹುಟ್ಟುವಾಗ ನಾಲ್ಕೂಕಾಲು ಕಿಲೊ ಇದ್ದೆ ಎಂದು ನಿಶ್ಚಿತಾರ್ಥದ ದಿನ ಜಂಬ ಕೊಚ್ಚಿದ್ದಿರಲ್ಲ? ನಿನ್ನೆ ಅತ್ತೆ ಅದನ್ನೂ ಡಾಕ್ಟರಿಗೆ ಹೇಳಿದರು. ತಾಯಿಗೆ ಸಕ್ಕರೆ ಇದ್ದರೆ ಮಗು ಹಾಗೆ ದಪ್ಪ ಹುಟ್ಟುವುದುಂಟಂತೆ, ಮುಂದೆ ಅದಕ್ಕೂ ಸಕ್ಕರೆ ಬರುವ ಸಾಧ್ಯತೆ ಹೆಚ್ಚಂತೆ. “ಹಾಗಾದರೆ ಆ ಮಗುವಿನ ಸಕ್ಕರೆಯನ್ನೂ ಒಮ್ಮೆ ನೋಡಿಸಿ. ಮಗುವಿಗೆ ಎಷ್ಟು ವರ್ಷ?” ಎಂದು ಡಾಕ್ಟರು ಕೇಳಿದರು. ಇಪ್ಪತ್ತೊಂಬತ್ತು ಎಂದೆ. ನಿಮ್ಮ ಅಕ್ಕನಿಗಾಗಿ ನಾನು ನಾಲ್ಕು ಮನೆಯ ಪಾಯಸ ಉಂಡಿದ್ದೇನೆ, ನನಗಾಗಿ ನೀವು ಶುಕ್ರವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸ್ವಲ್ಪ ರಕ್ತ ಕೊಟ್ಟು ಬನ್ನಿ ಮಾರಾಯ್ರೆ.