ಅಕ್ಕನಿಗೆ ಹೇಳಿದ ವಾರ್ಸಾದ ಕೊಲೆ

ಶುಕ್ರವಾರ, ೯ ನವೆಂಬರ್ ೨೦೦೭, ದೋಹಾ

ಅಕ್ಕನ ದನಿ ಇನ್ನೂ ಕಿವಿಯಲ್ಲೇ ಇದೆ. ನನ್ನ ಮದುವೆಯ ಜಗಳದ ನಂತರ ಅವಳು ಮಾತು ಬಿಟ್ಟಿದ್ದಳು.

ಆಫೀಸಿನ ಪೋಲಿಷ್ ಇಂಜಿನಿಯರ್ ಮಾರೆಕ್ ಕೊಟ್ಟಿದ್ದ, ಇಂಗ್ಲಿಷಿಗೆ ಬಂದ ಅವರ ದೇಶದ ಪತ್ತೇದಾರಿ ಕಾದಂಬರಿಯನ್ನು ಇವತ್ತು ಮುಗಿಸಿದೆ. ವಾರ್ಸಾದ ಹಿಮದಲ್ಲಿ ಒಬ್ಬ ಗಂಡಸಿನ ಹೆಣ. ಚಿಕ್ಕಂದಿನಲ್ಲಿ ಉಡುಪಿಯ ಮನೆಯಲ್ಲಿ ಇಂಥದ್ದೇ ಪುಸ್ತಕ ಹಿಡಿದು ನಾವಿಬ್ಬರೂ ತಲೆಗೆ ತಲೆ ತಾಗಿಸಿ ಕೂರುತ್ತಿದ್ದೆವು. ನಾನು ಓದಿ ಮುಗಿಸುವವರೆಗೆ ಅವಳು ಪುಟ ತಿರುಗಿಸುತ್ತಿರಲಿಲ್ಲ.

ತಡೆಯಲಾಗದೆ ಸಂಜೆ ಫೋನ್ ಮಾಡಿದೆ. ಹೇಗಿದ್ದೀ ಎನ್ನಲು ಧೈರ್ಯ ಬಾರದೆ ಕಥೆಯನ್ನೇ ಹೇಳತೊಡಗಿದೆ. ಅವಳು ಫೋನ್ ಇಡಲಿಲ್ಲ.

"ಹೆಂಡತಿಯೇ ಕೊಂದದ್ದಲ್ವಾ?"

"ಅಲ್ಲ ಅಕ್ಕ, ಅದು..."

"ಈಗಲೇ ಹೇಳ್ಬೇಡ ಮಾರಾಯ! ನಾಳೆ ಫೋನ್ ಮಾಡು."

ನಾಳೆ ಎಂದಳು. ಆದರೆ ಕಥೆ ನಾಳೆಗೇ ಮುಗಿದುಹೋಗುತ್ತದಲ್ಲ. ನಡುವೆ ನಾನೇ ಇನ್ನೊಂದು ಕೊಲೆ ಸೇರಿಸಿದರೆ...